ಮಂಡಿಯ ಅಹವಾಲು

ಕನ್ನಡದಲ್ಲಿ ‘ಮಂಡಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಸಗಟು ವ್ಯಾಪಾರದ ಅಂಗಡಿ; ಇನ್ನೊಂದು, ನಾವು ದೇವರ ಮುಂದೆಯೂ ಒಮ್ಮೊಮ್ಮೆ ಮೇಲಧಿಕಾರಿಗಳ ಮುಂದೆಯೂ ಊರುವ ಅಂಗ. ಮಂಡ್ಯದವರಾದ ನಮಗೆ ಮೊದಲನೆಯ ಮಂಡಿಯ ಪರಿಚಯವೇ ಹೆಚ್ಚು. ಬೆಲ್ಲದ ಮಂಡಿಯಲ್ಲಿ ಧಾರಣೆ ಏರಿತೆ, ಇಳಿಯಿತೆ ಎಂಬುದು ಇಲ್ಲಿ ಮನೆಮನೆಯ ಮಾತು. ಎರಡನೆಯ ಮಂಡಿಯಾದರೋ, ನೋವು ಬರುವವರೆಗೆ ಅದೊಂದು ಉಂಟೆಂಬುದೇ ನೆನಪಿಗೆ ಬಾರದು. ಇಷ್ಟು ಮೌನವಾಗಿ ದುಡಿಯುವ ಅಂಗವೂ ಮತ್ತೊಂದಿಲ್ಲ. ಒಮ್ಮೆ ಬಾಯಿಬಿಟ್ಟಿತೆಂದರೆ ಇಷ್ಟು ವಾಚಾಳಿಯಾಗುವ ಅಂಗವೂ ಮತ್ತೊಂದಿಲ್ಲ.

ಸಂಸ್ಕೃತ ಪಂಡಿತರು ಅದನ್ನು ‘ಜಾನು’ ಎಂದರು. ತೋಳು ಅಲ್ಲಿಯವರೆಗೆ ಇಳಿದರೆ ‘ಆಜಾನುಬಾಹು’ ಎಂದು ಹೊಗಳಿದರು. ನಮ್ಮ ಹಿರಿಯರ ಬಾಯಲ್ಲಿ ಅದು ಮೊಳಕಾಲು, ಈಗ ಮೊಣಕಾಲು. ಬಟ್ಟೆಯನ್ನೂ ಹೂವನ್ನೂ ಅಳೆಯುವ ‘ಮೊಳ’ಕ್ಕೂ ಈ ಮೊಳಕಾಲಿಗೂ ನಂಟುಂಟು. ಅಳತೆಯ ಮಾತು ಅಂಗದ ಹೆಸರಿನಲ್ಲೇ ಅಡಗಿರುವುದು ಅರ್ಥಪೂರ್ಣವೆಂದು ನನಗೆ ಈಚೆಗೆ ತೋರಿದೆ. ಅದಕ್ಕೆ ಕಾರಣ ಮುಂದೆ ತಿಳಿದೀತು.

ನಮ್ಮ ಊರಿನ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ನಸುಕಿನ ಹೊತ್ತು ನೋಡಬೇಕು. ಹತ್ತು ಹದಿನೈದು ವರ್ಷಗಳ ಹಿಂದೆ ಅಲ್ಲಿ ಓಡುತ್ತಿದ್ದವರು ಇಬ್ಬಗೆಯವರು ಮಾತ್ರ: ಶಾಲಾಕಾಲೇಜುಗಳ ಕ್ರೀಡಾಪಟುಗಳು ಮತ್ತು ಪೊಲೀಸು, ಸೈನ್ಯಗಳ ಭರ್ತಿಗೆ ಸಿದ್ಧರಾಗುತ್ತಿದ್ದ ಹಳ್ಳಿಯ ಹುಡುಗರು. ಈಗ ಬ್ಯಾಂಕಿನವರು, ವಕೀಲರು, ಔಷಧದ ಅಂಗಡಿಯವರು, ನಮ್ಮಂಥ ಅಧ್ಯಾಪಕರು, ಎಲ್ಲರೂ ಬಣ್ಣಬಣ್ಣದ ಬೂಟು ತೊಟ್ಟು ಓಡುತ್ತಾರೆ. ಇವರಿಗೆ ಪದಕವೂ ಬೇಡ, ನೌಕರಿಯೂ ಬೇಡ, ಓಡುವುದೇ ಬೇಕು. ಹಿಂದೆ ಮೈಸೂರು ಸೀಮೆಯಲ್ಲಿ ಹೊಟ್ಟೆಪಾಡಿಗೆಂದು ಓಡುವವರಿದ್ದರು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದರೆಂದು ಹೇಳುವ ಮೈಸೂರು ಅಂಚೆ, 1889ರಲ್ಲಿ ಇಂಡಿಯಾ ಸರ್ಕಾರದ ಅಂಚೆಯಲ್ಲಿ ಲೀನವಾಗುವವರೆಗೂ, ಓಟಗಾರರ ಕಾಲಿನ ಮೇಲೆಯೇ ನಡೆಯಿತು. ಅವರು ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಓಡಿ, ಚೀಲವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿ ನಿಲ್ಲುತ್ತಿದ್ದರು. ಊರಿಂದ ಊರಿಗೆ ಒಬ್ಬನೇ ಓಡಬೇಕೆಂಬ ಹಂಬಲ ಅವರಿಗಿರಲಿಲ್ಲ. ಆ ಹಂಬಲ ನಮ್ಮ ಕಾಲದ್ದು.

ನನ್ನ ಸಹೋದ್ಯೋಗಿ ಮಿತ್ರರೊಬ್ಬರಿದ್ದಾರೆ. ಗಣಿತದ ಅಧ್ಯಾಪಕರು, ವಯಸ್ಸು 42. ಸಕ್ಕರೆಯ ನಾಡಿನಲ್ಲಿ ಹುಟ್ಟಿದ ತಪ್ಪಿಗೋ ಎಂಬಂತೆ ಮೂರು ವರ್ಷಗಳ ಹಿಂದೆ ಅವರ ರಕ್ತದಲ್ಲಿಯೂ ಸಕ್ಕರೆ ಕಾಣಿಸಿಕೊಂಡಿತು. ಅವರ ತಂದೆ ಇದೇ ವ್ಯಾಧಿಯಿಂದ ಮೂತ್ರಪಿಂಡಗಳನ್ನು ಕಳೆದುಕೊಂಡು, ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಹೋಗಿಬಂದು, ಕಡೆಗೆ ತೀರಿಕೊಂಡವರು. ಆ ದಿನಗಳನ್ನು ಕಂಡಿದ್ದ ನನ್ನ ಮಿತ್ರರು ಹೆದರಿದರು, ಹೆದರಿ ಓಡತೊಡಗಿದರು. ವಾರಕ್ಕೆ ನಾಲ್ಕು ದಿನ 5 ಕಿಲೋಮೀಟರು, ಭಾನುವಾರ 8. ಎರಡು ವರ್ಷಗಳಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕ 8.6ರಿಂದ 6.7ಕ್ಕೆ ಇಳಿಯಿತು. ಮಾತ್ರೆ ಅರ್ಧವಾಯಿತು. ಮನೆಯಲ್ಲಿ ನೆಮ್ಮದಿ ನೆಲಸಿತು.

ಹೀಗಿರುವಾಗ ಒಂದು ಭಾನುವಾರ ಅವರ ಓಟದ ಗೆಳೆಯರ ಗುಂಪಿಗೆ ಮದ್ದೂರಿನವರೆಗೆ ಓಡಿಹೋಗಿ ವಡೆ ತಿಂದು ಬರಬೇಕೆಂಬ ಬಯಕೆ ಹುಟ್ಟಿತು. ಮದ್ದೂರಿನ ವಡೆ 1917ರಲ್ಲಿ ಅಲ್ಲಿಯ ರೈಲು ನಿಲ್ದಾಣದಲ್ಲಿ ಹುಟ್ಟಿತೆಂದು ಹೇಳುತ್ತಾರೆ. ರೈಲಿಗಾಗಿ ಹುಟ್ಟಿದ ತಿಂಡಿಗೆ ಓಡಿಕೊಂಡು ಹೋಗುವುದು ಒಂದು ಬಗೆಯ ವಿನೋದವೇ ಸರಿ. ದಾರಿ ಸುಮಾರು 20 ಕಿಲೋಮೀಟರು. 2023ರಲ್ಲಿ ಉದ್ಘಾಟನೆಯಾದ ದಶಪಥದ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಬೂದನೂರು, ಗೆಜ್ಜಲಗೆರೆಗಳನ್ನು ದಾಟಿ, ಮಿತ್ರರು ನಿಜಕ್ಕೂ ಮದ್ದೂರು ಮುಟ್ಟಿದರು, ವಡೆಯನ್ನೂ ತಿಂದರು. ಮಂಗಳವಾರ ಬೆಳಗ್ಗೆ ಕಾಲೇಜಿನ ಮೆಟ್ಟಿಲು ಇಳಿಯುವಾಗ ಬಲಗಾಲಿನ ಮಂಡಿಚಿಪ್ಪಿನ ಹಿಂದೆ ಯಾರೋ ಮರಳು ಸುರಿದಂತಾಯಿತು. ಅಂದು ಸಂಜೆ ಅಧ್ಯಾಪಕರ ಸಭೆ. ಎರಡು ಗಂಟೆಯ ಕಾಲ ಮಂಡಿ ಮಡಿಸಿ ಕುಳಿತು ಎದ್ದಾಗ ಮಿತ್ರರಿಗೆ ಮೇಜನ್ನು ಹಿಡಿದುಕೊಳ್ಳಬೇಕಾಯಿತು. ಸಭೆಯ ನಿರ್ಣಯಗಳ ಭಾರವೆಂದು ನಾವು ಹಾಸ್ಯ ಮಾಡಿದೆವು.

ಅನಂತರ ಆರಂಭವಾದದ್ದು ಉಪದೇಶಗಳ ಸುರಿಮಳೆ. ನಮ್ಮ ನಾಡಿನಲ್ಲಿ ಮಂಡಿನೋವಿಗೆ ವೈದ್ಯ ಬಲ್ಲದವರು ವಿರಳ. ಎಳ್ಳೆಣ್ಣೆ ತಿಕ್ಕಬೇಕೆಂದರು, ಎಕ್ಕದೆಲೆ ಕಾಯಿಸಿ ಕಟ್ಟಬೇಕೆಂದರು, ಬಿಗಿಪಟ್ಟಿ ತೊಡಬೇಕೆಂದರು. ಹಾಲು ತರುವ ಮುದುಕನಂತೂ ಗೇಟಿನ ಬಳಿಯೇ ತೀರ್ಪು ಕೊಟ್ಟ: “ಬುಡಿ ಸಾ, ಗಾಡಿ ಅಚ್ಚು ಸವ್ದಂಗೆ ಮಂಡಿನೂ ಸವ್ದೋಯ್ತದೆ. ಈ ವಯಸ್ನಲ್ಲಿ ನಿಮ್ಗ್ಯಾಕ್ ಬೇಕು ಓಟ?” ಮೂಳೆಯ ಡಾಕ್ಟರೊಬ್ಬರ ಬಳಿ ಹೋದರೆ ಅವರೂ ಸುಶಿಕ್ಷಿತ ಕನ್ನಡದಲ್ಲಿ ಅದನ್ನೇ ಹೇಳಿದರು. ಎಕ್ಸ್-ರೇ ತೆಗೆಸಿದರು, ‘ಸ್ವಲ್ಪ ಸವೆತ ಶುರುವಾಗಿದೆ’ ಎಂದರು, ಹದಿನೈದು ದಿನದ ಮಾತ್ರೆ ಬರೆದರು, ‘ಇನ್ನು ಮೇಲೆ ಓಡಬೇಡಿ’ ಎಂದರು. ಮಿತ್ರರು ಆಜ್ಞಾಧಾರಕರು. ಬೂಟು ಮಂಚದ ಕೆಳಗೆ ಸೇರಿತು. ಮೂರು ತಿಂಗಳ ಬಳಿಕ ರಕ್ತ ಪರೀಕ್ಷೆ ಮಾಡಿಸಿದರೆ ಅಂಕ 7.9. ಸಕ್ಕರೆಯ ಡಾಕ್ಟರು ‘ವ್ಯಾಯಾಮ ಏಕೆ ಬಿಟ್ಟಿರಿ?’ ಎಂದು ಗದರಿದರು. ಮಂಡಿಯನ್ನು ಉಳಿಸಿಕೊಳ್ಳಲು ಹೋಗಿ ಮೂತ್ರಪಿಂಡವನ್ನು ಒತ್ತೆಯಿಡುವ ಈ ವ್ಯಾಪಾರ ಯಾವ ಮಂಡಿಯಲ್ಲಿಯೂ ನಡೆಯತಕ್ಕದ್ದಲ್ಲ.

ಈ ‘ಸವೆತ’ ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಗಾಡಿಯ ಅಚ್ಚು ಜಡವಸ್ತು. ಉರುಳಿದಷ್ಟೂ ಸವೆಯುವುದು ಅದರ ಧರ್ಮ. ಮಂಡಿ ಸಜೀವ. ಮೂಳೆಯ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ತೆಗೆದಾಗ ಹೀರಿಕೊಂಡು, ಸ್ಪಂಜಿನ ಹಾಗೆ ಅದು ತನ್ನ ಊಟವನ್ನು ತಾನೇ ಉಣ್ಣುತ್ತದೆ. ಆದುದರಿಂದ ದುಡಿಮೆಯೇ ಅದಕ್ಕೆ ಅನ್ನ. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಲಕ್ಷಕ್ಕೂ ಮೀರಿದ ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಸಂತೋಷಕ್ಕೆಂದು ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲುಸವೆತ ಕಂಡದ್ದು ನೂರಕ್ಕೆ 3.5 ಮಂದಿಗೆ, ಓಡದೆ ಕುಳಿತವರಲ್ಲಿ ನೂರಕ್ಕೆ 10.2, ಸ್ಪರ್ಧೆಗಾಗಿಯೇ ಬಾಳುವ ಓಟಗಾರರಲ್ಲಿ 13.3. ಮಂಡಿ ಕೆಟ್ಟವರು ಓಟವನ್ನು ಮೊದಲೇ ಬಿಟ್ಟಿರಬಹುದಾದುದರಿಂದ ಈ ಅಂಕಿಗಳನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಆದರೆ ಮಿತವಾಗಿ ಓಡಿದವರ ಮಂಡಿ ಓಡದವರಿಗಿಂತ ಬೇಗ ಸವೆಯುತ್ತದೆಂದು ಹೇಳಲು ಆಧಾರವಿಲ್ಲವೆಂಬುದಂತೂ ಸ್ಪಷ್ಟ.

ಚಿತ್ರ ತೆಗೆಸಿ ಕಂಗೆಡುವವರಿಗೂ ಒಂದು ಮಾತು. ಅಮೆರಿಕೆಯ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 50 ದಾಟಿದ ಸುಮಾರು ಸಾವಿರ ಜನರ ಮಂಡಿಗಳನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿ, 2008ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಮಂಡಿಯೊಳಗಿನ ಮೆತ್ತೆಯಂಥ ಪದರ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ತಲೆಗೂದಲು ನರೆಯುವಂತೆ ಮಂಡಿಯೊಳಗೂ ಕೆಲವು ವಯೋಚಿಹ್ನೆಗಳು ಮೂಡುತ್ತವೆ. ಅವು ಚಿತ್ರದಲ್ಲಿ ಕಂಡ ಮಾತ್ರಕ್ಕೆ ನೋವಿನ ಅಪರಾಧಿ ಅವೇ ಎನ್ನಲಾಗದು.

ಹಾಗಾದರೆ ಅಪರಾಧಿ ಯಾರು? ಇದನ್ನು ಕಂಡುಹಿಡಿದದ್ದು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಈಗ ಫಿಸಿಯೋಥೆರಪಿ ವೃತ್ತಿಯಲ್ಲಿರುವ ಹುಡುಗಿ. ಮಿತ್ರರು ಎಕ್ಸ್-ರೇ ಮುಂದೆ ಚಾಚಿದರೆ ಆಕೆ ಅದನ್ನು ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ:

“ಸರ್, ನೋವು ಬರೋಕೆ ಮುಂಚೆ ಹೊಸದಾಗಿ ಏನು ಮಾಡಿದ್ರಿ?”

“ಏನೂ ಇಲ್ಲಮ್ಮ. ಎಂದಿನ ಹಾಗೆ ಓಡುತ್ತಿದ್ದೆ. ಒಂದು ದಿನ ಮಾತ್ರ ಮದ್ದೂರಿಗೆ ಹೋಗಿದ್ದೆವು.”

“ಮದ್ದೂರಿಗಾ! ಅದಕ್ಕೆ ಮುಂಚೆ ಅತಿ ಹೆಚ್ಚು ಅಂದ್ರೆ ಎಷ್ಟು ಓಡಿದ್ರಿ ಸರ್?”

“ಎಂಟು.”

ಆಕೆ ನಕ್ಕಳಂತೆ. ಎಂಟರ ಮುಂದಿನ ಸಂಖ್ಯೆ ಇಪ್ಪತ್ತೆಂದು ಗಣಿತದ ಮೇಷ್ಟರಿಗೆ ಯಾರು ಕಲಿಸಿದರೋ!

ಲೆಕ್ಕ ಕೇಳಿದೊಡನೆ ಮಿತ್ರರಿಗೆ ಜೀವ ಬಂದಿತು. ಅಂದು ರಾತ್ರಿಯೇ ಕಾಗದ ಹಿಡಿದು ಕುಳಿತು ಅವರು ಹಾಕಿದ ಲೆಕ್ಕ ನನ್ನ ಬಳಿ ಇದೆ. ಕಿಲೋಮೀಟರಿಗೆ 7 ನಿಮಿಷ, ನಿಮಿಷಕ್ಕೆ 160 ಹೆಜ್ಜೆ. ಅಂದರೆ ಕಿಲೋಮೀಟರಿಗೆ 1120 ಹೆಜ್ಜೆ, ಒಂದೊಂದು ಕಾಲಿಗೆ 560. ನಡೆಯುವಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ಹೆಚ್ಚುಕಡಿಮೆ ಮೈತೂಕದಷ್ಟು; ಓಡುವಾಗ ಸುಮಾರು ಅದರ ಐದು ಪಟ್ಟು. ಮಿತ್ರರ ತೂಕ 68 ಕಿಲೋ. ಐದರಿಂದ ಗುಣಿಸಿದರೆ 340. ಮದ್ದೂರಿಗೆ ಬಲಗಾಲು ಇಟ್ಟ ಹೆಜ್ಜೆಗಳು 11,200. ಎಲ್ಲವನ್ನೂ ಕೂಡಿದರೆ 3,808 ಟನ್ನು! ಲಾರಿಗೆ ಹತ್ತು ಟನ್ನಿನಂತೆ 380 ಲಾರಿ ಕಬ್ಬು! ಹೆಜ್ಜೆಹೆಜ್ಜೆಯ ಭಾರವನ್ನು ಹೀಗೆ ಕೂಡಿಹಾಕುವುದು ವೈದ್ಯಶಾಸ್ತ್ರ ಒಪ್ಪುವ ಲೆಕ್ಕವಲ್ಲ, ಗಣಿತದ ಮೇಷ್ಟರ ಚಪಲ. ಆದರೂ ಎಂಟು ಕಿಲೋಮೀಟರಿಗೆ 152 ಲಾರಿಗಳನ್ನು ಇಳಿಸಿ ಅಭ್ಯಾಸವಾಗಿದ್ದ ಕೂಲಿಯ ಮುಂದೆ ಒಂದೇ ದಿನ 380 ಲಾರಿಗಳನ್ನು ನಿಲ್ಲಿಸಿದರೆ ಅವನು ಮುಷ್ಕರ ಹೂಡದೆ ಏನು ಮಾಡಿಯಾನು?

ಮುಷ್ಕರವೆಂಬುದು ಬರಿಯ ಅಲಂಕಾರವಲ್ಲ. ಓಟಗಾರರಿಗೆ ಬರುವ ಈ ಬಗೆಯ ನೋವಿನಲ್ಲಿ, ಅಂದರೆ ಚಿಪ್ಪಿನ ಸುತ್ತ ಅಥವಾ ಹಿಂದೆ ಕಾಣಿಸಿಕೊಂಡು, ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ, ಬಹಳ ಹೊತ್ತು ಕುಳಿತು ಏಳುವಾಗ ಹೆಚ್ಚಾಗುವ ನೋವಿನಲ್ಲಿ, ಸಾಮಾನ್ಯವಾಗಿ ಮುರಿದದ್ದೂ ಹರಿದದ್ದೂ ಏನೂ ಇರುವುದಿಲ್ಲ. ಒಗ್ಗಿಕೊಳ್ಳಲು ಕಾಲ ಕೊಡದೆ ಹೇರಿದ ಭಾರವನ್ನು ಕೀಲು ಪ್ರತಿಭಟಿಸುತ್ತಿರುತ್ತದೆ. 2025ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಐದು ಸಾವಿರಕ್ಕೂ ಹೆಚ್ಚು ಓಟಗಾರರ ಕೈಗಡಿಯಾರಗಳ ದಾಖಲೆಯನ್ನು ಪರಿಶೀಲಿಸಿ ಪ್ರಕಟಿಸಿದ ಬರಹ ಇದನ್ನೇ ಹೇಳುತ್ತದೆ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ದೀರ್ಘ ಓಟಕ್ಕಿಂತ ಒಂದೇ ಓಟದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ದೂರ ಹೋದವರಿಗೆ ಗಾಯದ ಸಂಭವ ಏರಿತು. ಇಮ್ಮಡಿಗೂ ಮೀರಿ ಹೋದವರಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚಾಯಿತು. ವಾರದ ಒಟ್ಟು ಮೊತ್ತಕ್ಕಿಂತ ಒಂದು ದಿನದ ದುಸ್ಸಾಹಸವೇ ಹೆಚ್ಚು ಕೇಡೆಂದಾಯಿತು. ಮಿತ್ರರ ಎಂಟಕ್ಕೆ ನ್ಯಾಯವಾದ ಮುಂದಿನ ಅಳತೆ 8.8. ಮೊಳಕಾಲಿನಲ್ಲಿರುವ ‘ಮೊಳ’ ನನಗೆ ಅರ್ಥಪೂರ್ಣವೆಂದು ತೋರಿದ್ದು ಈ ಕಾರಣಕ್ಕೆ.

ಮಂಡಿಚಿಪ್ಪು ವಿಚಿತ್ರವಾದ ಮೂಳೆ. ಪಾಶ್ಚಾತ್ಯ ವೈದ್ಯರು ಈ ಜಾತಿಯ ಮೂಳೆಗಳಿಗೆ ಎಳ್ಳಿನ ಹೆಸರಿಟ್ಟಿದ್ದಾರೆ, ಅವುಗಳಲ್ಲಿ ಹಲವು ಎಳ್ಳುಕಾಳಿನಷ್ಟು ಚಿಕ್ಕವಾದುದರಿಂದ. ಮಂಡಿಚಿಪ್ಪು ಅವುಗಳಲ್ಲೆಲ್ಲ ದೊಡ್ಡ ಎಳ್ಳು. ತೊಡೆಯ ಮುಂಭಾಗದ ಮಾಂಸಖಂಡದ ನಾರಿನೊಳಗೆ ಹುದುಗಿಕೊಂಡು, ಬಾವಿಯ ರಾಟೆಯ ಹಾಗೆ, ಕೆಳಗಾಲನ್ನು ಎತ್ತುವ ಹಗ್ಗಕ್ಕೆ ಆಸರೆಯಾಗಿರುತ್ತದೆ. ರಾಟೆಯನ್ನು ನೆಟ್ಟಗಿಡುವುದು ಹಗ್ಗದ ಬಲ. ತೊಡೆಯೂ ಸೊಂಟದ ಮಗ್ಗುಲಿನ ಸ್ನಾಯುಗಳೂ ಸೊರಗಿದ್ದರೆ ಹೆಜ್ಜೆಯೂರಿದಾಗಲೆಲ್ಲ ಮಂಡಿ ಒಳಕ್ಕೆ ವಾಲುತ್ತದೆ, ಚಿಪ್ಪು ತನ್ನ ಜಾಡಿನ ಒಂದು ಅಂಚಿಗೆ ಉಜ್ಜುತ್ತದೆ.

ಆದಕಾರಣ ಮಂಡಿನೋವಿನ ಮದ್ದಿರುವುದು ಮಂಡಿಯ ಮೇಲಿನ ಊರಿನಲ್ಲಿ. ‘ಊರು’ ಎಂದರೆ ಸಂಸ್ಕೃತದಲ್ಲಿ ತೊಡೆ. ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ಪಾಠ ಹೇಳುವ ನನ್ನಂಥವನಿಗೆ ಇದು ವಿಶೇಷವಾಗಿ ನಾಟಿತು. ದುರ್ಯೋಧನನಂಥ ಗದಾಧರನನ್ನು ನೆಲಕ್ಕುರುಳಿಸಲು ಭೀಮ ಹೊಡೆದದ್ದು ಎದೆಗೂ ಅಲ್ಲ, ತಲೆಗೂ ಅಲ್ಲ, ತೊಡೆಗೆ. ನಿಲ್ಲುವ ಗಂಡಿನ ಬಲವೆಲ್ಲ ಅಲ್ಲಿದೆಯೆಂಬುದು ಆ ಕವಿಗಳಿಗೆ ಗೊತ್ತಿತ್ತು. ನಾವು ಕುರ್ಚಿಯಲ್ಲಿ ದಿನಕ್ಕೆ ಎಂಟು ಗಂಟೆ ಕುಳಿತು ಯಾವ ಭೀಮನ ನೆರವೂ ಇಲ್ಲದೆ ನಮ್ಮ ಊರುಭಂಗವನ್ನು ನಾವೇ ಮಾಡಿಕೊಳ್ಳುತ್ತಿದ್ದೇವೆ.

ಆ ಹುಡುಗಿ ಹೇಳಿಕೊಟ್ಟ ವ್ಯಾಯಾಮಗಳಿಗೆ ಯಂತ್ರ ಬೇಡ, ಹಣ ಬೇಡ. ಗೋಡೆಗೆ ಬೆನ್ನೊರಗಿಸಿ, ಕಾಣದ ಕುರ್ಚಿಯಲ್ಲಿ ಅರ್ಧ ಕುಳಿತವರಂತೆ ಅರ್ಧ ನಿಮಿಷ ನಿಲ್ಲುವುದು. ಮನೆಯ ಮೆಟ್ಟಿಲೊಂದನ್ನು ಒಂದೇ ಕಾಲಿನ ಬಲದಿಂದ ನಿಧಾನವಾಗಿ ಹತ್ತಿ, ಇನ್ನೂ ನಿಧಾನವಾಗಿ ಇಳಿಯುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತಿ ಇಳಿಸುವುದು. ಪ್ರತಿಯೊಂದೂ ಹತ್ತು ಹನ್ನೆರಡು ಬಾರಿ, ಅದರ ಮೂರು ಆವೃತ್ತಿ, ವಾರಕ್ಕೆ ಮೂರು ದಿನ. ಮೊದಲ ವಾರದಲ್ಲಿ ಇದರಿಂದ ಏನೂ ಆಗುವುದಿಲ್ಲ. ಎರಡನೆಯ ವಾರದಲ್ಲಿಯೂ ಆಗುವುದಿಲ್ಲ. ಸ್ನಾಯು ಬಲಿಯಲು ಆರರಿಂದ ಹನ್ನೆರಡು ವಾರ ಬೇಕು. ಮಾತ್ರೆಗೆ ಮನಸ್ಸು ಓಡುವುದು ಈ ವಿಳಂಬದಿಂದಲೇ. ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ನೋವು ನುಂಗುವ ಸಾಮಾನ್ಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆ; ಸಕ್ಕರೆಯ ವ್ಯಾಧಿ ಇರುವವರು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ತಿನ್ನಬಾರದು. ನುಂಗಿ ಓಡುವುದಂತೂ ಅಹವಾಲು ತಂದವನ ಬಾಯಿಗೆ ಬಟ್ಟೆ ತುರುಕಿದಂತೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಕೆನಡದ ಕ್ವಿಬೆಕ್ಕಿನಲ್ಲಿ ಈ ನೋವುಳ್ಳ 69 ಓಟಗಾರರನ್ನು ಮೂರು ಗುಂಪು ಮಾಡಿ ಎಂಟು ವಾರ ನೋಡಿಕೊಂಡರು. ಬರಹ ಅಚ್ಚಾದದ್ದು 2018ರಲ್ಲಿ. ಒಂದು ಗುಂಪಿಗೆ ಕೊಟ್ಟದ್ದು ತಿಳಿವಳಿಕೆ ಮಾತ್ರ: ಓಟವನ್ನು ಹೇಗೆ ತಗ್ಗಿಸಬೇಕು, ನೋವನ್ನು ನೋಡಿಕೊಂಡು ಹೇಗೆ ಏರಿಸಬೇಕು ಎಂಬುದು. ಎರಡನೆಯ ಗುಂಪಿಗೆ ಅದರ ಜೊತೆಗೆ ವ್ಯಾಯಾಮ, ಮೂರನೆಯದಕ್ಕೆ ಹೆಜ್ಜೆಯ ತಿದ್ದುಪಡಿ. ಮೂರು ಗುಂಪುಗಳೂ ಒಂದೇ ಸಮನಾಗಿ ಗುಣ ಕಂಡವು. ಅಂದರೆ ಭಾರವನ್ನು ಅಳೆದು ಹಾಕುವ ವಿವೇಕವೇ ಮುಖ್ಯ ಔಷಧ, ಉಳಿದವು ಅನುಪಾನ. ಮೇಷ್ಟರಾದ ನಮಗೆ, ತಿಳಿಸಿ ಹೇಳುವುದರಿಂದಲೂ ರೋಗ ವಾಸಿಯಾಗುತ್ತದೆಂಬುದು ಅಪರೂಪದ ಸಮಾಧಾನ.

ಆ ಅಳತೆಗೋಲು ಸರಳವಾದುದು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಓಡುವಾಗ ಮೂರರೊಳಗಿದ್ದು, ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಬಂದಿದ್ದರೆ ಭಾರ ಸರಿಯಾಗಿದೆ. ಮರುದಿನವೂ ಮೆಟ್ಟಿಲು ಕಿರಿಕಿರಿ ಮಾಡಿದರೆ ನಿನ್ನೆಯದು ಹೆಚ್ಚಾಯಿತು. ಮುಂದಿನ ಸಲ ಇಳಿಸಬೇಕು. ಹೆಜ್ಜೆಯ ವಿಷಯದಲ್ಲಿಯೂ ಒಂದು ಉಪಾಯವುಂಟು. ವೇಗವನ್ನು ಹಾಗೆಯೇ ಉಳಿಸಿ, ಹೆಜ್ಜೆಯನ್ನು ಚಿಕ್ಕದು ಮಾಡಿ, ಸಂಖ್ಯೆಯನ್ನು ಹೆಚ್ಚಿಸುವುದು. ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ ಗುರುವನ್ನು ಒಡೆದು ಲಘುವಾಗಿಸಿಕೊಳ್ಳುವುದು. ನಿಮಿಷಕ್ಕೆ 160 ಇದ್ದದ್ದನ್ನು 168 ಮಾಡಿದರೂ, ಅಂದರೆ ನೂರಕ್ಕೆ ಐದು ಹೆಚ್ಚಿಸಿದರೂ, ಮಂಡಿ ಹೀರಬೇಕಾದ ಪೆಟ್ಟು ಸುಮಾರು ಐದನೆಯ ಒಂದು ಪಾಲು ತಗ್ಗುತ್ತದೆಂದು 2011ರ ಅಮೆರಿಕದ ಒಂದು ಪ್ರಯೋಗ ತೋರಿಸಿತು. ತೂಕ ಹೆಚ್ಚಿರುವವರಿಗೆ ಮತ್ತೊಂದು ಲಾಭ: ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ವಡೆಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಮಂಡಿನೋವೆಲ್ಲ ಒಂದೇ ಅಲ್ಲವೆಂಬುದಕ್ಕೆ ಮಳವಳ್ಳಿಯ ಕಡೆಯ ಹುಡುಗನೊಬ್ಬ ಸಾಕ್ಷಿ. ನಮ್ಮಲ್ಲಿ ಬಿ.ಎ. ಮುಗಿಸಿದವನು; ತಂದೆಗೆ ಒಂದೂವರೆ ಎಕರೆ ಒಣಭೂಮಿ. ಪೊಲೀಸು ಕಾನ್‌ಸ್ಟೇಬಲ್ ಹುದ್ದೆಯ ದೇಹಪರೀಕ್ಷೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಇವನು ಪ್ರತಿದಿನವೂ ಆ ದೂರವನ್ನು ಪೂರ್ಣವೇಗದಲ್ಲಿ ಓಡಿ, ಮೇಲೆ ನೂರು ಕಪ್ಪೆಜಿಗಿತ ಹಾಕುತ್ತಿದ್ದ. ಭಾನುವಾರ ಬ್ಲಫಿನ ಕಡೆಯ ಇಳಿಜಾರಿನಲ್ಲಿ ಓಟ. ಶಿವನಸಮುದ್ರದಲ್ಲಿ ಕಾವೇರಿಯ ಇಳಿತ 1902ರಿಂದ ವಿದ್ಯುತ್ತನ್ನು ಕೊಡುತ್ತಿದೆ. ಮನುಷ್ಯನ ಮಂಡಿಗೆ ಮಾತ್ರ ಇಳಿತವೇ ವೈರಿ. ಇಳಿಯುವಾಗ ಮೈಯ ವೇಗವನ್ನು ತಡೆಹಿಡಿಯುವ ಕೆಲಸವೆಲ್ಲ ತೊಡೆ ಮಂಡಿಗಳ ಪಾಲಿಗೆ ಬರುತ್ತದೆ. ಹುಡುಗನಿಗೆ ನೋವು ಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ. ಅದು ಚಿಪ್ಪನ್ನು ಕೆಳಗಾಲಿನ ಎಲುಬಿಗೆ ಬಿಗಿದ ನಾರಿನ ಬೇನೆ. “ಮೂರ್ ತಿಂಗ್ಳು ಸುಮ್ನೆ ಕೂತ್ರೆ ಕೆಲ್ಸ ಓಯ್ತದೆ ಸಾ” ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ. ಆ ಹುಡುಗಿ ಅವನನ್ನು ಸುಮ್ಮನೆ ಕೂರಿಸಲಿಲ್ಲ. ಜಿಗಿತವನ್ನೂ ಇಳಿಜಾರನ್ನೂ ನಿಲ್ಲಿಸಿದಳು. ವೇಗದ ಓಟವನ್ನು ವಾರಕ್ಕೆ ಎರಡು ದಿನಕ್ಕೆ ತಂದಳು. ಉಳಿದ ದಿನ ಸೈಕಲ್ಲು, ಮತ್ತು ಬೆನ್ನಿಗೆ ಹತ್ತು ಕಿಲೋ ರಾಗಿಚೀಲ ಹೊತ್ತು ನಿಧಾನವಾಗಿ ಅರ್ಧ ಕೂರುವ ಅಭ್ಯಾಸ. ಹತ್ತು ವಾರಗಳ ಬಳಿಕ ಕ್ರೀಡಾಂಗಣದಲ್ಲಿ ನಾನೇ ಗಡಿಯಾರ ಹಿಡಿದು ನಿಂತಿದ್ದೆ. ಆರು ನಿಮಿಷ ಇಪ್ಪತ್ತು ಸೆಕೆಂಡು. ನೋವು ಪೂರ್ತಿ ಹೋಗಿರಲಿಲ್ಲ. ಹೋಗಬೇಕಾದ ಅಗತ್ಯವೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಡಾಕ್ಟರರ ಬಳಿ ಹೋಗಲೇಬೇಕಾದ ಸಂದರ್ಭಗಳನ್ನೂ ಹೇಳದಿದ್ದರೆ ದ್ರೋಹವಾದೀತು. ಮಂಡಿ ಊದಿಕೊಂಡರೆ, ಬಿಸಿಯಾಗಿ ಕೆಂಪಾದರೆ, ಜ್ವರ ಬಂದರೆ, ಮಡಿಸಿದ ಕಾಲು ಸಿಕ್ಕಿಕೊಂಡಂತಾಗಿ ನೀಡಲು ಬಾರದಿದ್ದರೆ, ನಡೆಯುವಾಗ ಮಂಡಿ ಕೈಕೊಟ್ಟು ಕುಸಿದರೆ, ಬಿದ್ದು ತಿರುಚಿಕೊಂಡಿದ್ದರೆ, ಮಲಗಿದ್ದಾಗಲೂ ನೋವು ಎಬ್ಬಿಸುತ್ತಿದ್ದರೆ ಕಾಯಕೂಡದು. ಮೀನಖಂಡ ಊದಿ ನೋಯುತ್ತಿದ್ದರಂತೂ ಅಂದೇ ಹೋಗಬೇಕು; ರಕ್ತ ಹೆಪ್ಪುಗಟ್ಟಿರುವ ಸಂಭವವುಂಟು. ಇಂಥ ಮಂಡಿಗೆ ಗೋಡೆಯ ವ್ಯಾಯಾಮ ಹೇಳುವುದು ಅಪರಾಧ.

ಬೂಟಿನ ಮಾತು ಬಂದರೆ ಓಟಗಾರರು ಊಟ ಮರೆಯುತ್ತಾರೆ. ಹದಿನೈದು ಸಾವಿರದ ಬೂಟು ಮಂಡಿಯನ್ನು ಕಾಯುತ್ತದೆಂಬ ನಂಬಿಕೆಗೆ ನನ್ನ ಬೆಂಬಲವಿಲ್ಲ. ಕಾಲಿಗೆ ಹಿತವಾದುದು, ಅಟ್ಟೆ ಸವೆದು ಒಂದು ಕಡೆಗೆ ವಾಲದೆ ಇರುವುದು ಸಾಕು. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲೂಕೋಸಮೀನ್ ಮಾತ್ರೆಗಳನ್ನು 2006ರಲ್ಲಿ ಅಮೆರಿಕದಲ್ಲಿ ಕೀಲುಸವೆತದವರ ಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಒಟ್ಟಾರೆ ಹೇಳಿಕೊಳ್ಳುವ ಗುಣವೇನೂ ಕಾಣಲಿಲ್ಲ. ಎಳ್ಳೆಣ್ಣೆಯನ್ನು ನಾನು ನಿಂದಿಸುವುದಿಲ್ಲ. ತಿಕ್ಕುವ ಕೈಯ ಅಕ್ಕರೆಯಾದರೂ ಅದರಲ್ಲಿದೆ.

ಮಿತ್ರರು ಮತ್ತೆ ಓಡತೊಡಗಿದ್ದು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯ ಲೆಕ್ಕದಲ್ಲಿ. ಮೂರು ತಿಂಗಳಿಗೆ ತಡೆಯಿಲ್ಲದ 5 ಕಿಲೋಮೀಟರು, ಆರು ತಿಂಗಳಿಗೆ 10. ಸಕ್ಕರೆಯ ಅಂಕ 6.8ಕ್ಕೆ ಬಂದು ನಿಂತಿದೆ. ಭಾನುವಾರ ಬೂದನೂರಿನವರೆಗೆ ಓಡಿ ಹಿಂದಿರುಗುತ್ತಾರೆ. ವಡೆ ಬೇಕೆನಿಸಿದರೆ ಮದ್ದೂರಿಗೆ ರೈಲುಂಟು. ಈ ನಡುವೆ ಅವರ ಮನೆಯಾಕೆಯೂ ಹೊರಟಿದ್ದಾರೆ. ಮಹಡಿಯ ಮೇಲೆ ಹತ್ತು ಹೆಜ್ಜೆಗೊಮ್ಮೆ ತಿರುಗುತ್ತ ನಡೆದು ಮಂಡಿ ನೋಯಿಸಿಕೊಂಡಿದ್ದವರು ಅವರು. ಹೆಣ್ಣುಮಕ್ಕಳಲ್ಲಿ ಈ ಚಿಪ್ಪಿನ ನೋವು ಗಂಡಸರಿಗಿಂತ ಹೆಚ್ಚು; ಆದರೆ ಅವರಿಗೆ ಬೀದಿಯಲ್ಲಿ ಓಡುವ ಸ್ವಾತಂತ್ರ್ಯ ಕಡಿಮೆಯಾದುದರಿಂದ ಆ ನೋವಿಗೆ ಕಾರಣವನ್ನು ಅಡಿಗೆಮನೆಯಲ್ಲಿಯೋ ವಯಸ್ಸಿನಲ್ಲಿಯೋ ಹುಡುಕಿ ಸುಮ್ಮನಾಗುವುದುಂಟು. ಈಗ ವಾರಕ್ಕೆ ಮೂರು ದಿನ, ಬೆಳಗಿನ ಆರು ಗಂಟೆಗೆ, ಪಕ್ಕದ ಮನೆಯ ಇಬ್ಬರು ಹೆಂಗಸರ ಜೊತೆಯಲ್ಲಿ ಕ್ರೀಡಾಂಗಣಕ್ಕೆ ಬರುತ್ತಾರೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ. ಲೆಕ್ಕದ ಪುಸ್ತಕ ಮೇಷ್ಟರ ಕೈಯಲ್ಲಿರುತ್ತದೆ. ಆದರೆ ಎಷ್ಟು ನೋವಾಯಿತೆಂಬ ಅಂಕವನ್ನು ಹಾಕುವ ಅಧಿಕಾರವನ್ನು ಆಕೆ ಅವರಿಗೆ ಬಿಟ್ಟುಕೊಟ್ಟಿಲ್ಲ.